ಮಂಗಳವಾರದ ಕತ್ತರಿ

ಬಾಲ್ಕನಿಯ ಪುಟ್ಟ ಬೋನ್ಸಾಯ್ ಜುನಿಪರ್ ಗಿಡದ ಚಿಗುರು ಸವರಿದಾಗಲೆಲ್ಲ ಧೂಪದಂಥ ವಾಸನೆ ಎದ್ದು, ನಾರಾಯಣಗೂಡದ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ಹೈದರಾಬಾದಿನಲ್ಲಿ ಹೊಸ ಸಾಫ್ಟ್‌ವೇರ್ ಆಫೀಸುಗಳು ಏಳುತ್ತಿದ್ದವು. ಅಪ್ಪ ಅವುಗಳಿಗೆ ಗಿಡ ಒದಗಿಸುತ್ತಿದ್ದರು. ಯಾರಿಗೂ ಬೇಡವಾದ ಈ ಸೊಟ್ಟ ಸಸಿಯನ್ನು ಅವ್ವ ಇಟ್ಟುಕೊಂಡಿದ್ದಳು. ಮರುದಿನ ಅವಳು ಹೃದಯದ ಆಪರೇಷನ್ನಿಗಾಗಿ ಆಸ್ಪತ್ರೆ ಸೇರಬೇಕಿತ್ತು. ಅಷ್ಟರೊಳಗೆ ಅದನ್ನು ತಿದ್ದಿ ಕುಂಡಕ್ಕೆ ಹಾಕಬೇಕೆಂದು ಕುಳಿತಳು.

"ಇವತ್ತು ಮಂಗಳವಾರ. ಕತ್ರಿ ಹಿಡೀಬ್ಯಾಡವ್ವ, ನಾಳೆ ಮಾಡಿದ್ರಾತು," ಎಂದಳು ಅಜ್ಜಿ.

"ನಾಳೆ ನಾ ದವಾಖಾನ್ಯಾಗ ಇರ್ತೀನಲ್ರೀ ಅತ್ತಿ," ಎಂದಳು ಅವ್ವ ಮೆಲ್ಲಗೆ.

ಅಜ್ಜಿ ದೇವರ ಮನೆಗೆ ಹೋಗಿ ಕುಂಕುಮದ ಬಟ್ಟಲು ತಂದಳು. ಕತ್ತರಿಗೆ ಕುಂಕುಮ ಹಚ್ಚಿ ಸೊಸೆಯ ಕೈಗೆ ಕೊಟ್ಟಳು. "ತಗೋ. ದೇವರಿಗೆ ನಾ ಹೇಳ್ಕೋತೀನಿ."

ಅವ್ವ ಬೇರು ಸವರಿ, ಮರಳು ಬೆರೆಸಿದ ಮಣ್ಣಿನಲ್ಲಿ ಗಿಡ ಕೂರಿಸಿ, ಟೊಂಗೆಗಳಿಗೆ ತಂತಿ ಸುತ್ತಿ ಒಂದೊಂದನ್ನೇ ಬಗ್ಗಿಸಿದಳು.

"ತಂತಿ ಯಾವಾಗ ಬಿಚ್ಚೋದವ್ವಾ?" ಎಂದೆ.

"ಟೊಂಗಿ ತಾನ ಹಂಗ ನಿಲ್ಲೂದು ಕಲಿತ ಮ್ಯಾಲ. ಅವಸರ ಮಾಡಬ್ಯಾಡ, ಮುರೀತದ."

ಅವ್ವನಿಲ್ಲದ ಮೊದಲ ದೀಪಾವಳಿಗೆ ತಂತಿಯನ್ನು ನಾನೇ ಬಿಚ್ಚಿದೆ. ಅಜ್ಜಿ ಎರಡೂ ಕೈಯಿಂದ ಕುಂಡ ಹಿಡಿದುಕೊಂಡಿದ್ದಳು. ದೇವರ ದಯೆ, ಒಂದು ಟೊಂಗೆಯೂ ಮುರಿಯಲಿಲ್ಲ.