ಬೆಂಕಿಪೊಟ್ಟಣದ ಅಡುಗೆಮನೆ

ಈಗಲೂ ಬಿಳಿ ಅಂಟಿನ ವಾಸನೆ ಬಂದರೆ ನನಗೆ ಅಜ್ಜಿಯ ಆ ನೋಟವೇ ನೆನಪಾಗುತ್ತದೆ.

ತ್ರಿಪ್ಪುಣಿತ್ತುರದ ನಮ್ಮ ಮನೆಗೆ ಕಾಸರಗೋಡಿನಿಂದ ಅಜ್ಜ, ಅಜ್ಜಿ ಬಂದಿದ್ದರು. ಅಜ್ಜ ಮದುವೆಗೆ ಮುಂಚೆ ಯುದ್ಧಕಾಲದ ಮಿಲಿಟರಿ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದವರು. ನನ್ನ ಶಾಲೆಯ ಪ್ರದರ್ಶನಕ್ಕೆ ಅದರದೇ ಮಾದರಿ ಮಾಡಲು ಕೂತೆವು. ಹೊಸ ಕಂಪ್ಯೂಟರಿನ ಪೆಟ್ಟಿಗೆಯ ಥರ್ಮೋಕೋಲಿನಿಂದ ಗೋಡೆ, ಬ್ಯಾಂಡೇಜು ಬಟ್ಟೆಯಿಂದ ಡೇರೆ, ಐಸ್‌ಕ್ರೀಮ್ ಕಡ್ಡಿಗಳಿಂದ ಮಂಚ. ಕೊನೆಗೆ ಅಜ್ಜ ಒಂದು ಬೆಂಕಿಪೊಟ್ಟಣ ಇಟ್ಟು, “ಇದು ಅಡುಗೆಮನೆ. ಎಲ್ಲರಿಗೂ ಇಲ್ಲಿಂದಲೇ ಊಟ,” ಎಂದರು.

ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿಯ ಕೈ ನಿಂತಿತು.

“ಎಲ್ಲರಿಗೂ? ಹೆಣ್ಣು ನೋಡ್ಲಿಕ್ಕೆ ಬಂದಾಗ, ಅಲ್ಲಿ ಮಡಿಯಲ್ಲಿ ಬೇರೆಯೇ ಬೇಯಿಸಿ ಉಣ್ತಿದ್ದೆ ಅಂತಲ್ವಾ ನೀವು ನನ್ನ ಅಪ್ಪನಿಗೆ ಹೇಳಿದ್ದು?”

“ಅದೂ ಇತ್ತು. ಮರೆತುಹೋಯ್ತು.” ಅಜ್ಜ ಇನ್ನೊಂದು ಬೆಂಕಿಪೊಟ್ಟಣ ಹುಡುಕಿ ಡೇರೆಯ ಹಿಂದೆ ಅಂಟಿಸಿದರು. ಒಂದು ಮಂಚವನ್ನೂ ಮರೆಯದವರು ಇದನ್ನು ಹೇಗೆ ಮರೆತರೆಂದು ನನಗೂ ಅನುಮಾನವಾಯಿತು.

“ಮಡಿನೀರಿಗೆ ಬಾವಿ ಎಲ್ಲುಂಟು?”

ಅಜ್ಜ ಸೋಡಾ ಬಾಟಲಿಯ ಮುಚ್ಚಳವೊಂದನ್ನು ಪಕ್ಕದಲ್ಲಿಟ್ಟರು.

ಅಜ್ಜಿ ಬಗ್ಗಿ ಬಾವಿಯನ್ನು ನೋಡಿದರು, ಆಮೇಲೆ ಅಜ್ಜನ ಮುಖವನ್ನು. ವಾಲುತ್ತಿದ್ದ ಆ ಎರಡನೆಯ ಅಡುಗೆಮನೆಯನ್ನು, ಅಂಟು ಒಣಗುವ ತನಕ, ಒಂದು ಬೆರಳಿನಿಂದ ಒತ್ತಿ ಹಿಡಿದುಕೊಂಡು ಕೂತರು.