ಚಪ್ಪಾಳೆ ತಟ್ಟದವರು

“ಈಗ ಆ ಹಸಿರು ಸೀರಿಯಾಕಿ ಅಳ್ತಾಳ, ನೋಡ್ರಿ,” ಎಂದು ಪಕ್ಕದ ಕುರ್ಚಿಯವನು ತ್ರಿವೇಣಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ.

ವೇದಿಕೆಯ ಮೇಲೆ ಹಸಿರು ಸೀರೆಯ ಹೆಂಗಸು ಮೈಕು ಹಿಡಿದಳು. ಎರಡು ಮಾತಿಗೇ ಅವಳಿಗೆ ಅಳು ಬಂತು. ಸಾತ್ವಿಕ ಸರ್ ಅವರ ಕೋರ್ಸು ಸೇರಿದ ಮೇಲೆ ಮುಚ್ಚಬೇಕಿದ್ದ ತನ್ನ ಒಂದು ಅಂಗಡಿ ಮೂರಾಯಿತು ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಭಾಂಗಣದ ತುಂಬ ಚಪ್ಪಾಳೆ.

ತ್ರಿವೇಣಿ ಕೈಕಟ್ಟಿಕೊಂಡೇ ಕುಳಿತಿದ್ದಳು.

ಹಿಂಜವಾಡಿಯ ಫ್ಲ್ಯಾಟುಗಳಿಗೆ ಜೋಳದ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಮಾಡಿಕೊಡುವವಳು ಅವಳು. ಬಾಗಿಲಲ್ಲೇ ಅವಳಿಗೆ ಗುಮಾನಿ ಬಂದಿತ್ತು. ಪ್ರವೇಶ ಉಚಿತ ಎಂದವರು ತಿಂಗಳ ಗಳಿಕೆ ಎಷ್ಟೆಂದು ಕೇಳಿ ಬರೆದುಕೊಂಡಿದ್ದರು. ಕೋರ್ಸಿನಲ್ಲಿ ಏನು ಕಲಿಸುತ್ತೀರಿ ಎಂದರೆ ಬದುಕೇ ಬದಲಾಗುತ್ತದೆ ಎಂಬುದೊಂದೇ ಉತ್ತರ. ಮೂರು ದಿನಕ್ಕೆ ಎಂಬತ್ತು ಸಾವಿರ. ಇವತ್ತೇ ಕಟ್ಟಿದರೆ ನಲವತ್ತು. ಹೊರಗೆ ನಿಂತು ಗಂಡ ಮನೋಹರನಿಗೆ ಫೋನು ಮಾಡಿ, “ಇಲ್ಲಿ ಯಾಕೋ ಎಲ್ಲಾ ಡೌಟ್ ಅದ ರೀ,” ಎಂದಿದ್ದಳು. ಆ ಮಾತು ಕಿವಿಗೆ ಬಿದ್ದೇ ಈ ಮನುಷ್ಯ ಹತ್ತಿರ ಬಂದು ಕೂತಿದ್ದು. ಹೆಸರು ಚನ್ನವೀರ ಎಂದಿದ್ದ.

“ಆಕಿ ಅಳ್ತಾಳಂತ ನಿಮಗ ಹ್ಯಾಂಗ ಗೊತ್ತಾತ್ರಿ?”

“ಹ್ವಾದ ವಾರ ಸಾಸವಡದಾಗೂ ಅತ್ತಾಳ್ರಿ. ಅದರ ಹಿಂದಿನ ವಾರ ಭೋರ್‌ದಾಗ. ಅಲ್ಲಿ ಆಕೀದು ಬೇಕರಿ ಇತ್ತು.”

ತ್ರಿವೇಣಿ ಮಡಿಲಲ್ಲಿದ್ದ ಚೀಲವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ರೊಟ್ಟಿ ಯಂತ್ರಕ್ಕೆಂದು ಮೂರು ವರ್ಷ ಕೂಡಿಟ್ಟ ದುಡ್ಡು ಬ್ಯಾಂಕಿನಲ್ಲಿತ್ತು. ಯಂತ್ರ ಬಂದರೆ ದಿನಕ್ಕೆ ಸಾವಿರ ರೊಟ್ಟಿಯಾದೀತು, ಅಷ್ಟನ್ನು ಮಾರುವುದು ಎಲ್ಲಿ? ಅದನ್ನು ತಿಳಿದುಕೊಳ್ಳಲೆಂದೇ ಅವಳು ಬಂದಿದ್ದಳು.

ಅಷ್ಟರಲ್ಲಿ ಚನ್ನವೀರ ಎದ್ದು ನಿಂತಿದ್ದ. ಸಭೆಗೆಲ್ಲ ತಿಳಿಯುವಂತೆ ಮರಾಠಿಯಲ್ಲಿ ಒಂದೊಂದೇ ಪ್ರಶ್ನೆ ಕೇಳಿದ. ಪಾಠದ ಪಟ್ಟಿ ಎಲ್ಲಿ? ಹಿಡಿಸದಿದ್ದರೆ ದುಡ್ಡು ವಾಪಸು ಕೊಡುತ್ತೀರಾ? ಬರೆದು ಕೊಡುತ್ತೀರಾ? ವೇದಿಕೆಯ ಮೇಲಿದ್ದ ಸಾತ್ವಿಕನ ಮುಗುಳ್ನಗೆ ಮಾಸಲಿಲ್ಲ. ಎಲ್ಲರಿಗೂ ಕೇಳಲಿ ಎಂದು ಮೈಕನ್ನು ಅವನ ಕೈಗೇ ಕಳಿಸಿದ. ಪೂರ್ತಿ ಕೇಳಿಸಿಕೊಂಡು, ನಂಬಿಕೆಯಿಲ್ಲದವರಿಗೆ ಬಾಗಿಲು ಆ ಕಡೆ ಇದೆ ಎಂದಷ್ಟೇ ಹೇಳಿದ.

ಚನ್ನವೀರ ಹೊರನಡೆದ. ಹಿಂದೆಯೇ ತ್ರಿವೇಣಿ. ಅವಳ ಹಿಂದೆ ಇನ್ನೂ ಹತ್ತು ಜನ. ಯಾರೂ ತಡೆಯಲಿಲ್ಲ.

ಎದುರಿನ ಚಹಾದ ಗಾಡಿಯ ಸುತ್ತ ಎಲ್ಲರೂ ಕೂಡಿದರು. ಚನ್ನವೀರ ತಾನೂ ಹಿಂದೊಮ್ಮೆ ಇಂಥದ್ದರಲ್ಲೇ ಮುಳುಗಿದ್ದನ್ನು ಹೇಳಿಕೊಂಡ. ಎಲ್ಲರೂ ಸೇರಿ ದೂರು ಕೊಡೋಣ ಎಂದು ಹೆಸರು, ನಂಬರು ಬರೆದುಕೊಂಡ. ತ್ರಿವೇಣಿ ಹಿಂದೇಟು ಹಾಕಿದಳು.

“ಬ್ಯಾಡಂದ್ರ ಬಿಡ್ರಿ ಅಕ್ಕಾರ,” ಎಂದ ಅವನು. “ಸಂಶೇ ಇರೋದು ಛಲೋನ. ನಿಮ್ಮಂಥೋರು ಚಪ್ಪಾಳಿಗೆ ಬೀಳಂಗಿಲ್ಲ. ನಿಮಗ ಬ್ಯಾರೆ ರೀತೀಲೇ ಹೇಳಬೇಕಾಗ್ತದ.”

ಆ ಮಾತಿಗೆ ಅವಳು ನಂಬರು ಕೊಟ್ಟಳು.

ಹತ್ತು ದಿನಕ್ಕೆ ಅವನ ಫೋನು ಬಂತು. ದೂರು ಕೊಟ್ಟಾಗಿದೆ, ಅದು ನಿಧಾನ ಸಾಗುತ್ತದೆ. ಅಷ್ಟರಲ್ಲಿ ಅಂದು ಹೊರಬಂದವರಿಗಷ್ಟೇ ನಾನೇ ವ್ಯಾಪಾರದ ಪಾಠ ಶುರುಮಾಡುತ್ತಿದ್ದೇನೆ, ಬಂದು ನೋಡಿ ಎಂದ.

ತ್ರಿವೇಣಿ ಮನೋಹರನನ್ನೂ ಕರೆದುಕೊಂಡು ಹೋದಳು. ಚಿಕ್ಕ ಕೋಣೆ. ವೇದಿಕೆಯಿಲ್ಲ, ಮೈಕಿಲ್ಲ, ಅಳುವವರಿಲ್ಲ. ಆದರೂ ಅವಳು ಬಿಡಲಿಲ್ಲ. ಪಾಠದ ಪಟ್ಟಿ ಕೇಳಿದಳು. ಚನ್ನವೀರ ಅಚ್ಚು ಹಾಕಿಸಿದ್ದನ್ನೇ ಕೈಗಿಟ್ಟ. ಹಿಡಿಸದಿದ್ದರೆ ದುಡ್ಡು ವಾಪಸು ಕೊಡುತ್ತೀರಾ ಎಂದಳು. ಸಹಿ ಹಾಕಿದ ಕಾಗದ ಕೊಟ್ಟ. ಮೊದಲ ಪಾಠ ಪುಕ್ಕಟೆ ಹೇಳಿದ. ರೊಟ್ಟಿಗೆ ಎಷ್ಟು ದಿನದ ತಾಳಿಕೆ, ಎಂಥ ಪೊಟ್ಟಣ, ಯಾವ ಅಂಗಡಿಯನ್ನು ಹೇಗೆ ಕೇಳಬೇಕು ಎಂದು ಅವನು ವಿವರಿಸುತ್ತಿದ್ದರೆ ಅವಳು ಎರಡು ಹಾಳೆ ತುಂಬ ಬರೆದುಕೊಂಡಳು.

“ಇವನದು ಎಲ್ಲಾ ಬರೋಬ್ಬರಿ ಅದ,” ಎಂದ ಮನೋಹರ.

“ಆವತ್ತ ಇವರು ಇರಲಿಲ್ಲಂದ್ರ ನಾ ಮುಳುಗಿ ಹೋಗಿರ್ತಿದ್ನಿ ರೀ,” ಎಂದಳು ತ್ರಿವೇಣಿ.

ಶುಲ್ಕ ನಲವತ್ತೈದು ಸಾವಿರ. ಇವತ್ತೇ ಕಟ್ಟಿ ಎಂದು ಅವನು ಒಮ್ಮೆಯೂ ಅನ್ನಲಿಲ್ಲ. ಅದನ್ನು ಗಮನಿಸಿಯೇ ಅವಳು ಫೋನು ತೆಗೆದು ಗೋಡೆಗೆ ಅಂಟಿಸಿದ್ದ ಕ್ಯೂಆರ್ ಕೋಡಿಗೆ ಹಿಡಿದಳು. ಸೊನ್ನೆಗಳು ಸರಿಯಾಗಿವೆಯೇ ಎಂದಷ್ಟೇ ಎರಡೆರಡು ಸಲ ನೋಡಿ ಪಿನ್ ಒತ್ತಿದಳು. ಎದೆ ಹಗುರಾಯಿತು. ಬಹಳ ದಿನಗಳ ಮೇಲೆ ಒಬ್ಬ ಮನುಷ್ಯನನ್ನು ನಂಬಿದ ನೆಮ್ಮದಿ.

ಪರದೆಯ ಮೇಲೆ ದುಡ್ಡು ಪಡೆದವರ ಹೆಸರು ಮೂಡಿತು: ಸಾತ್ವಿಕ ಸರ್ ಅಕಾಡೆಮಿ.