ಹೇಳದೆ ಬಂದ ತಪಾಸಣೆ

ತಪಾಸಣೆಗೆ ಹೋಗುವಾಗ ಎಂಜಿನಿಯರ್ ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಆಫೀಸಿನಿಂದಲೇ ಗುತ್ತಿಗೆದಾರರಿಗೆ ಸುದ್ದಿ ಮುಟ್ಟುತ್ತಿತ್ತು. ಇವತ್ತು ಹೆಂಡತಿಗೂ ಹೇಳದೆ, ರಜೆಗೆ ಬೀಗ ಹಾಕಿದ್ದ ಹಾಸ್ಟೆಲಿನ ಹಿತ್ತಲಿಗೆ ಬಂದು, ಅಲ್ಲಿಂದಲೇ ಗುತ್ತಿಗೆದಾರನಿಗೆ ತಾವೇ ಫೋನು ಮಾಡಿ ಕರೆದು, ಮಳೆನೀರು ಸೋಸುವ ತೊಟ್ಟಿಯ ಮುಚ್ಚಳ ತೆಗೆಸಿದ್ದರು. ಫೋನು ನೀರಿಗೆ ಬಿದ್ದೀತೆಂದು ಸ್ಕೂಟರಿನಲ್ಲೇ ಇಟ್ಟು ಏಣಿ ಇಳಿದರು.

ತಳದಲ್ಲಿ ಗುತ್ತಿಗೆದಾರ ಹಾಕಿಸಬೇಕಿದ್ದ ಮರಳಿರಲಿಲ್ಲ, ಇದ್ದಿಲೂ ಇರಲಿಲ್ಲ. ಕೊಳೆತ ಎಲೆಗಳ ನಡುವೆ ಒಂದು ಸತ್ತ ಇಲಿ ಇತ್ತು.

“ಏನ್ರೀ ಇದು? ಈ ನೀರು ಕುಡಿದೇ ಹೋದ ತಿಂಗಳು ಹಾಸ್ಟೆಲಿನ ಹುಡುಗಿ ಸತ್ತಿದ್ದು.”

ಏಣಿ ಮೆಲ್ಲಗೆ ಮೇಲಕ್ಕೆ ಹೋಯಿತು.

“ಏಣಿ ಕೆಳಗೆ ಬಿಡ್ರೀ.”

“ರಿಪೋರ್ಟ್ ಬರೀತೀರಾ ಸಾರ್?”

“ಬರೆಯಲ್ಲ. ಏಣಿ ಬಿಡಿ, ಕೂತು ಮಾತಾಡೋಣ.”

ಗುಡುಗಿತು. ತಾರಸಿಯ ನೀರು ಇಳಿಯುವ ಪೈಪು ತೊಟ್ಟಿಯೊಳಕ್ಕೆ ಸುರಿಯತೊಡಗಿತು. ಎಂಜಿನಿಯರ್ ಕೈ ಚಾಚಿ ಹಾರಿದರು. ಅಂಚು ಎಟುಕಲಿಲ್ಲ.

“ನೀವು ಇಲ್ಲಿರೋದು ಯಾರಿಗಾದ್ರೂ ಗೊತ್ತಾ ಸಾರ್?”

ಆ ಪ್ರಶ್ನೆಯನ್ನು ಅವನು ಯಾಕೆ ಕೇಳುತ್ತಿದ್ದಾನೆಂದು ಎಂಜಿನಿಯರಿಗೆ ಅರ್ಥವಾಗಿತ್ತು.

“ಎಲ್ಲರಿಗೂ ಗೊತ್ತು ಕಣ್ರೀ. ಆಫೀಸಲ್ಲಿ ಹೇಳಿದೀನಿ, ಮನೇಲೂ ಹೇಳಿದೀನಿ. ಇನ್ನೇನು ಹುಡುಕ್ಕೊಂಡು ಬರ್ತಾರೆ.”

ಮೇಲೆ ಗುತ್ತಿಗೆದಾರ ನಿಟ್ಟುಸಿರು ಬಿಟ್ಟಿದ್ದು ಕೇಳಿಸಿತು.

“ಸದ್ಯ, ಬದುಕಿಸಿದ್ರಿ ಸಾರ್. ಒಬ್ಬರ ಜೀವ ತೆಗೆಯೋದು ನನ್ನ ಕೈಲಾಗಲ್ಲ. ನಾನು ಊರು ದಾಟೋ ಹೊತ್ತಿಗೆ ಅವರು ಬಂದು ನಿಮ್ಮನ್ನ ಹೊರಗೆ ತೆಗೀತಾರೆ” ಎಂದು ಅವನು ಮುಚ್ಚಳ ಎಳೆದು ಬೋಲ್ಟು ಬಿಗಿದ.